ಬಲಗಾಲಿನ ನರಹುಲಿ

ಮೊನ್ನೆ ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಟಿಕೆಟ್ಟಿಗೆಂದು ಅಂಗಿಯ ಜೇಬಿಗೆ ಕೈ ಹಾಕಿದರೆ ಬಂದದ್ದು ನೋಟಲ್ಲ, ಕಬ್ಬಿಣ ಉಜ್ಜುವ ಎಮರಿ ಪೇಪರಿನ ಎರಡು ಬೆರಳಗಲದ ಚೂರು. ಕಂಡಕ್ಟರ್ ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಇದು ನಡೆಯಂಗಿಲ್ರಿ ಸರ್" ಎಂದ. ಅಕ್ಕಪಕ್ಕದವರು ನಕ್ಕರು. ನಾನೂ ನಗಬೇಕಿತ್ತು. ಆದರೆ ದಿನವಿಡೀ ನಿಂತು ಪಾಠ ಮಾಡಿ, ಸಂಜೆ ಬಸ್ಸಿನಲ್ಲಿ ಮತ್ತೆ ನಿಂತು ಬರುವವನಿಗೆ ನಗುವುದೂ ಒಂದು ಕೆಲಸವೇ ಅನ್ನಿಸುತ್ತದೆ. ಚೂರನ್ನು ಇದ್ದಲ್ಲೇ ಇಟ್ಟು ಪ್ಯಾಂಟಿನ ಜೇಬಿನಿಂದ ದುಡ್ಡು ತೆಗೆದು ಕೊಟ್ಟೆ.

ನನ್ನಂಥವನ ಜೇಬಿನಲ್ಲಿ ಎಮರಿ ಪೇಪರ್ ಇರುವುದು ದೊಡ್ಡ ಆಶ್ಚರ್ಯವೇನಲ್ಲ. ಹರಿಹರದ ಒಂದು ಐಟಿಐನಲ್ಲಿ ನಾನು ಫಿಟ್ಟರ್ ವಿಭಾಗದ ಮೇಷ್ಟ್ರು. ಕಬ್ಬಿಣದ ತುಂಡನ್ನು ವೈಸಿನ ಇಕ್ಕಳಕ್ಕೆ ಕಚ್ಚಿಸಿ, ಅರ ಹಿಡಿದು ಉಜ್ಜಿ, ಅಂಕುಡೊಂಕಿಲ್ಲದಂತೆ ಸಮ ಮಾಡುವುದು ಹೇಗೆಂದು ಮೂವತ್ತು ವರ್ಷದಿಂದ ಹೇಳಿಕೊಡುತ್ತಿದ್ದೇನೆ. ಮೊದಲು ಒರಟು ಅರ, ಆಮೇಲೆ ನುಣುಪು ಅರ, ಕೊನೆಗೆ ಎಮರಿ ಪೇಪರ್. ಮುಂದಕ್ಕೆ ಹೋಗುವಾಗ ಒತ್ತು, ಹಿಂದಕ್ಕೆ ಬರುವಾಗ ಎತ್ತು. ಇಷ್ಟು ಬಿಟ್ಟರೆ ಈ ಮನುಷ್ಯನಿಗೆ ಬದುಕಿನಲ್ಲಿ ಬೇರೇನೂ ಗೊತ್ತಿಲ್ಲ ಎಂದು ನನ್ನ ಹೆಂಡತಿ ಲೀಲಾ ಯಾರ ಎದುರಿಗಾದರೂ ಹೇಳಬಹುದಿತ್ತು. ಹೇಳಿಲ್ಲ. ಆಕೆ ಏನನ್ನೂ ಹೇಳುವವಳಲ್ಲ. ಜೇಬಿನಲ್ಲಿದ್ದ ಆ ಚೂರು ಕಬ್ಬಿಣಕ್ಕೆ ಬೇಕಾದದ್ದಲ್ಲ, ಆಕೆಯ ಬಲಗಾಲಿಗೆ ಬೇಕಾದದ್ದು.

ಲೀಲಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ದಾವಣಗೆರೆಯ ಆನೆಕೊಂಡದ ನಮ್ಮ ಓಣಿಯ ಅರ್ಧ ಹೆಂಗಸರ ತೋಳಿನ ಅಳತೆ ಆಕೆಗೆ ಬಾಯಿಪಾಠ. ಕಾಲಲ್ಲಿ ತುಳಿಯುವ ಹಳೆಯ ಮಷೀನು. ಮದುವೆಯಾದ ಮೂರನೇ ವರ್ಷ ತವರಿನವರು ಕೊಡಿಸಿದ್ದು. ಮೋಟರ್ ಹಾಕಿಸೋಣ ಎಂದು ಮಗಳು ಹತ್ತು ಸಲ ಹೇಳಿದ್ದಾಳೆ. "ನನ್ನ ಕಾಲು ಹೇಳಿದಂಗೆ ಅದು ಕೇಳ್ತೈತೆ, ಮೋಟರ್ ಹೇಳಿದಂಗೆ ನಾನು ಕೇಳಬೇಕಾಗ್ತೈತೆ, ಬ್ಯಾಡ" ಎಂದು ಅಷ್ಟಕ್ಕೇ ಮುಗಿಸಿದ್ದಾಳೆ. ಆ ಮಷೀನಿನ ಸದ್ದು ಇಷ್ಟು ವರ್ಷ ನಮ್ಮ ಮನೆಯ ಗೋಡೆಗೇ ಅಂಟಿಕೊಂಡಿತ್ತು. ನಾನು ಪೇಪರ್ ಓದುವುದು, ತೂಕಡಿಸುವುದು, ಫೋನಿನಲ್ಲಿ ಮಾತಾಡುವುದು ಎಲ್ಲ ಅದರ ಜೊತೆಗೇ.

ಹೋದ ಚಳಿಗಾಲದಲ್ಲಿ ಆ ಸದ್ದು ಕುಂಟತೊಡಗಿತು. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು. ಮತ್ತೆ ಎರಡು ಹೆಜ್ಜೆ, ಮತ್ತೆ ನಿಲ್ಲುವುದು. ಯಂತ್ರದ ಸದ್ದು ಕೇಳಿ ರೋಗ ಹೇಳುವ ಗರ್ವ ನನಗಿದೆ. ಬೆಲ್ಟು ಸಡಿಲವಾಗಿದೆ ಎಂದು ಬೆಲ್ಟು ಬದಲಾಯಿಸಿದೆ. ಎಣ್ಣೆ ಬಿಟ್ಟೆ. ಪೆಡಲು ಬಿಚ್ಚಿ ತೊಳೆದೆ. ಒಂದು ಭಾನುವಾರವಿಡೀ ನಾನು ಮಷೀನಿನ ಕೆಳಗೆ ಮಲಗಿ ಕೈಯೆಲ್ಲ ಗ್ರೀಸು ಮಾಡಿಕೊಂಡಿದ್ದಾಗ ಲೀಲಾ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದಳು. ಬಲಗಾಲಿನ ಹಿಮ್ಮಡಿಯನ್ನು ಮಾತ್ರ ನೆಲಕ್ಕೂರಿ ನಿಂತಿದ್ದಳು. ನನ್ನ ಕಣ್ಣು ಪೆಡಲಿನ ಮೇಲಿತ್ತು, ಮೂರು ಅಡಿ ಆಚೆಗಿದ್ದ ಪಾದದ ಮೇಲಿರಲಿಲ್ಲ.

ಆಮೇಲೆ ಒಂದು ದಿನ ಊಟಕ್ಕೆ ಬಡಿಸುತ್ತ ಆಕೆ, "ಮಷೀನು ಮಾರಿಬಿಡೋಣೇನ್ರಿ" ಎಂದಳು. ಪಲ್ಯ ಹಾಕಲಾ ಎಂದು ಕೇಳುವ ದನಿಯಲ್ಲೇ ಕೇಳಿದಳು. ನಾನು ಆವತ್ತು ಸುಸ್ತಾಗಿದ್ದೆ. ಯಾವತ್ತು ಆಗಿರಲಿಲ್ಲ ಎಂದು ನೀವು ಕೇಳಬಹುದು. "ನಿನ್ನಿಷ್ಟ" ಎಂದು ರೊಟ್ಟಿ ಮುರಿದೆ.

ಕೈ ತೊಳೆಯುವಾಗ ಆ ಮಾತು ಎದೆಗೆ ಬಡಿಯಿತು. ಸೀರೆ ಮಾರುತ್ತೇನೆ, ಬಳೆ ಮಾರುತ್ತೇನೆ ಎಂದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಹೊಲಿಗೆ ಇಲ್ಲದ ಲೀಲಾಳನ್ನು ನಾನು ಕಂಡೇ ಇಲ್ಲ. ಕಾಲು ತೋರಿಸು ಎಂದೆ. ಏನಿಲ್ಲ ಎಂದಳು. ಮತ್ತೆ ಕೇಳಿದೆ. "ಆಣಿ ಆಗೈತೆ, ಅದರಷ್ಟಕ್ಕೆ ಹೋಗ್ತದೆ" ಎಂದು ಸೀರೆಯ ನಿರಿಗೆಯಲ್ಲಿ ಪಾದ ಮುಚ್ಚಿಕೊಂಡಳು. ಎಷ್ಟು ದಿನದಿಂದ ಎಂದರೆ ನಾಲ್ಕು ತಿಂಗಳಂತೆ.

ನಮ್ಮ ಓಣಿಯ ತುದಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಕೊಟ್ರೇಶಿ ಆಕೆಯ ಪಾದ ನೋಡಿ, ಅಂಗಾಲಿನ ಆ ಗಂಟನ್ನು ಮೇಲಿನಿಂದ ಒತ್ತಿದ, ಆಮೇಲೆ ಎರಡೂ ಬದಿಯಿಂದ ಚಿವುಟಿದ. ಚಿವುಟಿದಾಗ ಲೀಲಾಳ ಹುಬ್ಬು ಮಾತ್ರ ಒಂದಿಷ್ಟು ಅಲುಗಿತು. "ಇದು ಆಣಿ ಅಲ್ರಿ ಸರ್, ನರೂಲಿ. ಕರೇ ಚುಕ್ಕಿ ಕಾಣ್ತಾವ ನೋಡ್ರಿ. ಆಣಿ ಮೇಲೆ ಒತ್ತಿದ್ರೆ ನೋಯ್ತದೆ, ಇದು ಬದಿಗೆ ಹಿಚುಕಿದ್ರೆ ನೋಯ್ತದೆ" ಎಂದ. ಕಿರುಬೆರಳಷ್ಟು ಸೀಸೆಯೊಂದನ್ನು ತೆಗೆದಿಟ್ಟು ಸ್ಯಾಲಿಸಿಲಿಕ್ ಆಸಿಡ್ ಎಂದು ಹೆಸರು ಹೇಳಿದ. ಆಸಿಡ್ ಅಂದದ್ದೇ ಲೀಲಾ ಎರಡು ಹೆಜ್ಜೆ ಹಿಂದೆ ಸರಿದಳು.

"ಬಚ್ಚಲ ತೊಳಿಯೋದಾ?"

"ಅದಲ್ರಿ ಅಕ್ಕಾರೆ, ಇದು ಚರ್ಮ ಮೆತ್ತಗೆ ಮಾಡೋದು. ದಿನಾ ಒಂದು ಸಲ. ಹತ್ತು ನಿಮಿಷ ಬಿಸಿನೀರಾಗೆ ಕಾಲಿಡ್ರಿ, ಮೇಲಿನ ಬಿಳೇ ಚರ್ಮ ಹಗೂರಕೆ ಉಜ್ಜಿ ತೆಗೀರಿ, ಸುತ್ತ ವ್ಯಾಸಲೀನ್ ಹಚ್ಚಿ, ನಡುವೆ ಅಷ್ಟೇ ಒಂದು ಹನಿ. ಒಣಗಿದ ಮೇಲೆ ಪಟ್ಟಿ. ಎರಡು ಮೂರು ತಿಂಗಳು ಹಿಡೀತದೆ. ಅವಸರ ಮಾಡಬ್ಯಾಡ್ರಿ."

ಇಷ್ಟೂ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಉಜ್ಜಿ ಎಂಬ ಒಂದೇ ಮಾತು. ಉಜ್ಜುವುದರಲ್ಲಿ ನನಗೆ ಪಾಠ ಹೇಳುವವನು ಯಾರು?

ನರಹುಲಿ ನನಗೆ ಹೊಸದಲ್ಲ. ಹರಿಹರದಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆಯುವಾಗ ನನ್ನ ಎಡಗೈ ತೋರುಬೆರಳಿಗೆ ಎರಡು ಆಗಿದ್ದವು. ಮಾಳಿಗೆ ಮೇಲೆ ಮಲಗಿ ಚುಕ್ಕಿ ಎಣಿಸಿದ್ದಕ್ಕೆ ಆಗಿದ್ದು ಎಂದು ಅಜ್ಜಿಯ ತೀರ್ಮಾನ. ಮೊದಲ ಔಷಧ ಕುದುರೆ ಬಾಲದ ಕೂದಲು. ಅದನ್ನು ಗಂಟಿನ ಬುಡಕ್ಕೆ ಬಿಗಿದು ಕಟ್ಟಬೇಕು. ಸ್ಟೇಷನ್ ಮುಂದಿನ ಜಟಕಾದವನನ್ನು ಕೇಳಿದರೆ "ಒಂದೇ ಕೂದಲು ತಗೋ" ಎಂದ. ನಾನು ಎರಡು ನರಹುಲಿಗೆ ಎರಡು ಬೇಕೆಂದು ಎರಡನೆಯದಕ್ಕೆ ಕೈ ಹಾಕಿದೆ. ಕುದುರೆಗೆ ನನ್ನ ಲೆಕ್ಕಾಚಾರ ಹಿಡಿಸಲಿಲ್ಲ. ನರಹುಲಿಗಿಂತ ಮೊಣಕಾಲಿನ ಬಾವು ದೊಡ್ಡದಾಯಿತು.

ಆಮೇಲೆ ಉಪ್ಪು. ಮುಷ್ಟಿಯಲ್ಲಿ ಹರಳುಪ್ಪು ಹಿಡಿದು, ನರಹುಲಿಗೆ ಮೂರು ಸಲ ನಿವಾಳಿಸಿ, ತುಂಗಭದ್ರೆಗೆ ಬೆನ್ನು ಮಾಡಿ ನಿಂತು ಹಿಂದಕ್ಕೆ ಎಸೆದು, ತಿರುಗಿ ನೋಡದೆ ಮನೆಗೆ ಬರಬೇಕು. ಉಪ್ಪು ಕರಗಿದಂತೆ ನರಹುಲಿ ಕರಗುತ್ತದೆ. ನಾನು ಎಸೆದೆ, ನಾಲ್ಕು ಮೆಟ್ಟಿಲು ಹತ್ತಿದೆ, ಉಪ್ಪು ಕರಗಿತೋ ಇಲ್ಲವೋ ಎಂದು ತಿರುಗಿ ನೋಡಿದೆ. ಅಜ್ಜಿ ಅಲ್ಲೇ ತಲೆಗೆ ಮೊಟಕಿದಳು. ಮಾಡಿದ ಕೆಲಸ ಏನಾಯಿತೆಂದು ನಿಂತು ನೋಡುವ ಚಟ ಆಗಲೇ ಇತ್ತು. ಅದೇ ಚಟದಿಂದ ಮುಂದೆ ಹೊಟ್ಟೆ ತುಂಬಿತು ಎನ್ನುವುದು ಬೇರೆ ಮಾತು. ನರಹುಲಿಗಳು ಒಂದು ಬೇಸಿಗೆಯಲ್ಲಿ ಯಾರಿಗೂ ಹೇಳದೆ ತಾವಾಗಿಯೇ ಹೋದವು. ಅಜ್ಜಿ ಆ ಪುಣ್ಯವನ್ನು ತನ್ನ ಮಂತ್ರಕ್ಕೆ ಬರೆದುಕೊಂಡಳು.

ಲೀಲಾಳಿಗೆ ಸೊಂಟ ನೋವು. ಬಗ್ಗಿ ತನ್ನ ಅಂಗಾಲನ್ನು ತಾನೇ ನೋಡಿಕೊಳ್ಳಲಾರಳು. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಬಂತು ಎಂದು ಸಲೀಸಾಗಿ ಬರೆದುಬಿಟ್ಟೆ, ಆದರೆ ಮೊದಲ ಮೂರು ದಿನ ಹೋದದ್ದು ಬರೀ ವಾದದಲ್ಲಿ. ಗಂಡ ಹೆಂಡತಿಯ ಕಾಲು ಮುಟ್ಟುವುದೆಂದರೇನು? ಹಬ್ಬದ ದಿನ ಪೂಜೆ ಮುಗಿದ ಮೇಲೆ ಆಕೆ ನನ್ನ ಕಾಲಿಗೆ ಬೀಳುವವಳು. ಮಂಚದ ಮೇಲೆ ಅಪ್ಪಿತಪ್ಪಿ ಆಕೆಯ ಕಾಲು ತಾಗಿದರೂ ತಾಗಿದ ಕಡೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು. "ನನಗ ಪಾಪ ಸುತ್ತಿಕೊಳ್ತದೆ, ಬ್ಯಾಡ್ರಿ" ಎಂದು ಬಾಗಿಲ ಹಿಂದೆ ನಿಂತಳು. ಮಗಳು ಫೋನಿನಲ್ಲಿ ಬೈದ ಮೇಲೆ ಒಪ್ಪಿದಳು, ಒಂದು ಕರಾರಿನ ಮೇಲೆ. ಪ್ರತಿದಿನ ಪಟ್ಟಿ ಹಾಕಿ ಮುಗಿದ ಮೇಲೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡುವುದಾಗಿ.

ಹೀಗೆ ಶುರುವಾಯಿತು. ಸಂಜೆ ಏಳಕ್ಕೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು. ಆಕೆ ಕುರ್ಚಿಯ ಮೇಲೆ, ನಾನು ಕೆಳಗೆ ಮಣೆಯ ಮೇಲೆ, ತೊಡೆಯ ಮೇಲೆ ಹಳೆಯ ಟವೆಲು. ಪಾದವನ್ನು ಟವೆಲಿನ ಮೇಲೆ ಇಡು ಎಂದರೆ ಇಟ್ಟಳು, ಆದರೆ ಭಾರ ಬಿಡಲಿಲ್ಲ. ನನ್ನ ತೊಡೆಗೆ ತಾಗಿಯೂ ತಾಗದ ಹಾಗೆ ಕಾಲನ್ನು ಗಾಳಿಯಲ್ಲೇ ಹಿಡಿದುಕೊಂಡಳು. ಐದು ನಿಮಿಷಕ್ಕೆ ಮೀನಖಂಡ ನಡುಗತೊಡಗಿತು. ಭಾರ ಬಿಡು ಮಾರಾಯ್ತಿ ಎಂದೆ. "ಬಿಟ್ಟೀನ್ರಿ" ಎಂದಳು. ಬಿಟ್ಟಿರಲಿಲ್ಲ. ಮುಗಿದ ಮೇಲೆ ಆ ನೋಯುವ ಸೊಂಟವನ್ನೇ ಬಗ್ಗಿಸಿ ನಮಸ್ಕಾರ ಮಾಡಿದಳು. ಎದ್ದು ನಿಲ್ಲುವಾಗ ಗೋಡೆ ಹಿಡಿದುಕೊಂಡಳು. ನಾನು ಪೇಪರ್ ತೆಗೆದು ಮುಖಕ್ಕೆ ಅಡ್ಡ ಹಿಡಿದೆ.

ಎರಡು ವಾರವಾದರೂ ನರಹುಲಿ ಕದಲಲಿಲ್ಲ. ಅಷ್ಟು ಹೊತ್ತಿಗೆ ಮದುವೆಗಳ ಕಾಲ ಬಂದಿತ್ತು. ಬ್ಲೌಸು ಪೀಸಿನ ಚೀಲಗಳು ಮಷೀನಿನ ಪಕ್ಕ ಗುಡ್ಡೆಯಾಗಿದ್ದವು. ಲೀಲಾ ಎಡಗಾಲಿನಲ್ಲಿ ತುಳಿದು ನೋಡಿದಳು, ಹೊಲಿಗೆ ಸೊಟ್ಟಗಾಯಿತು, ಬಿಚ್ಚಿದಳು. ಆಗ ನನ್ನೊಳಗಿನ ಫಿಟ್ಟರ್ ಎದ್ದು ಕುಳಿತ. ಗಟ್ಟಿ ಲೋಹಕ್ಕೆ ಒರಟು ಅರ. ತುಕ್ಕು ಬಿಡದಿದ್ದರೆ ಎರಡು ಸಲ ಎಣ್ಣೆ. ಪೆನ್ನಿನಲ್ಲಿ ನರಹುಲಿಯ ಸುತ್ತ ಗುರುತು ಹಾಕಿದೆ, ಅದೂ ಒಂದು ಸುತ್ತು ದೊಡ್ಡದಾಗಿ, ಬೇರು ಹೊರಗೆ ಹೋಗಿರಬಹುದೆಂದು. ವ್ಯಾಸಲೀನ್ ಹಚ್ಚುವುದನ್ನು ಬಿಟ್ಟೆ. ಆಸಿಡ್ಡನ್ನು ಬೆಳಿಗ್ಗೆಯೂ ಹಾಕಿದೆ, ಸಂಜೆಯೂ ಹಾಕಿದೆ. ಒರಟು ಪೇಪರಿನಿಂದ ಮುಂದಕ್ಕೆ ಒತ್ತಿ, ಹಿಂದಕ್ಕೆ ಎತ್ತಿ, ಶಾಸ್ತ್ರಬದ್ಧವಾಗಿ ಉಜ್ಜಿದೆ.

"ಉರೀತಾ?" ಎಂದು ದಿನಾ ಕೇಳಿದೆ.

"ಇಲ್ರಿ" ಎಂದು ದಿನಾ ಹೇಳಿದಳು.

ಆರನೇ ದಿನ ಸಂಜೆ ಬಂದಾಗ ಲೀಲಾ ಅಡುಗೆಮನೆಯಿಂದ ಹೊರಗೆ ಮಂಡಿಯ ಮೇಲೆ ತೆವಳಿಕೊಂಡು ಬರುತ್ತಿದ್ದಳು. ಚಹದ ಲೋಟವನ್ನು ನೆಲದ ಮೇಲೆ ಮುಂದೆ ಮುಂದೆ ಸರಿಸುತ್ತ ಬರುತ್ತಿದ್ದಳು. ಪಟ್ಟಿ ಬಿಚ್ಚಿ ನೋಡಿದೆ. ನಾನು ಗುರುತು ಹಾಕಿದ್ದಷ್ಟೂ ಜಾಗದ ಚರ್ಮ ಸುಟ್ಟು, ಕೆಂಪು ಮಾಂಸ ಕಾಣುತ್ತಿತ್ತು. ಹೆಂಡತಿಯ ಕಾಲನ್ನು ನಾನೇ ಸುಟ್ಟಿದ್ದೆ, ಗಡಿಯಾರ ನೋಡಿ ನೋಡಿ, ದಿನಕ್ಕೆರಡು ಸಲ.

ಚರ್ಮದ ಡಾಕ್ಟರು ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು. ಮೊದಲು ಸಕ್ಕರೆ ಇದೆಯೇ ಎಂದು ಕೇಳಿ ರಕ್ತ ಪರೀಕ್ಷೆ ಮಾಡಿಸಿದರು. ಇಲ್ಲವೆಂದು ಗೊತ್ತಾದ ಮೇಲೆ, "ನಿಮ್ಮ ಪುಣ್ಯ. ಸಕ್ಕರೆ ಇದ್ದವರ ಕಾಲಿಗೆ ಹೀಗೆ ಮಾಡಿದ್ದರೆ ಬೆರಳೇ ಹೋಗ್ತಿತ್ತು" ಎಂದು ನನ್ನ ಕಡೆ ತಿರುಗಿದರು. "ಏನ್ ಸರ್ ಇದು, ಕಬ್ಬಿಣ ಅನ್ಕೊಂಡ್ರಾ?"

ಹೌದು ಎನ್ನುವುದು ನಿಜವಾದ ಉತ್ತರವಾಗಿತ್ತು.

"ನಿಮಗೆ ಉರಿಯಲಿಲ್ವಾ ಅಮ್ಮ?"

"ಔಷಧ ಅಂದ್ರೆ ಉರೀಬೇಕಲ್ರಿ" ಎಂದಳು ಲೀಲಾ. "ಅವರು ನನ್ನ ಕಾಲು ಮುಟ್ಟಿ ಮಾಡೋದೇ ದೊಡ್ಡದು. ಅದರಾಗೆ ಉರೀತೈತೆ ಅಂತ ಹೆಂಗೆ ಹೇಳ್ಲಿ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಗಾಯ ಪೂರ್ತಿ ಮಾಯುವವರೆಗೆ ಏನೂ ಹಚ್ಚಬಾರದು. ಆಮೇಲೆ ಮತ್ತೆ ಮೊದಲಿನಿಂದ, ದಿನಕ್ಕೆ ಒಂದೇ ಹನಿ, ನರಹುಲಿಯ ಮೇಲೆ ಮಾತ್ರ, ನುಣುಪು ಪೇಪರು, ಪ್ರತಿದಿನ ಹೊಸ ಚೂರು. "ನೋವಾದರೆ ಅಲ್ಲಿಗೇ ನಿಲ್ಲಿಸಬೇಕು. ಉಜ್ಜೋದು ಅವರ ಕೆಲಸ, ನೋವಾಗ್ತಿದೆ ಅನ್ನೋದು ನಿಮ್ಮ ಕೆಲಸ. ನಿಮ್ಮ ಕೆಲಸ ನೀವು ಮಾಡದಿದ್ದರೆ ಈ ಔಷಧ ಬೇಡ" ಎಂದರು.

ಆ ಕೆಲಸ ಲೀಲಾಳಿಗೆ ಬರುವುದಿಲ್ಲ. ಒಮ್ಮೆ ಸೂಜಿ ಉಗುರಿನ ಮೂಲಕ ಬೆರಳನ್ನು ದಾಟಿ ಹೋದಾಗ ಬಟ್ಟೆ ಸುತ್ತಿಕೊಂಡು, ಅಂಚು ಹೊಲಿದು ಮುಗಿಸಿ, ಆಮೇಲೆ ನನ್ನನ್ನು ಕರೆದವಳು. ನಮ್ಮ ಸೊಸಿಗೆ ಬಾಯೇ ಇಲ್ಲ ಎಂದು ನನ್ನ ಅವ್ವ ಬಂದವರೆಲ್ಲರ ಮುಂದೆ ಹೊಗಳುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಹೆಮ್ಮೆ ಪಟ್ಟಿದ್ದೇನೆ. ಬಾಯಿಲ್ಲದ ಹೆಂಡತಿ ಗಂಡನಿಗೆ ಎಷ್ಟು ಆರಾಮ ಎನ್ನುವುದು ಡಾಕ್ಟರ ಮುಂದೆ ಕೂತಾಗಲೇ ನನಗೆ ಹೊಳೆದದ್ದು. ನಾಚಿಕೆಯಾಯಿತು. ಐವತ್ತೇಳನೇ ವಯಸ್ಸಿಗೆ ನಾಚಿಕೆಯೂ ಸುಸ್ತು ಮಾಡುತ್ತದೆ.

ಗಾಯ ಮಾಯಲು ಮೂರು ವಾರ ಹಿಡಿಯಿತು. ಬ್ಲೌಸು ಪೀಸಿನ ಚೀಲಗಳು ಒಂದೊಂದಾಗಿ ವಾಪಸು ಹೋದವು. ಹಿಂದಿನ ಓಣಿಯ ಹೆಂಗಸೊಬ್ಬಳು ಮಷೀನು ನೋಡಲು ಬಂದಳು. ಚಕ್ರ ತಿರುಗಿಸಿದಳು, ಡ್ರಾಯರು ಎಳೆದು ನೋಡಿದಳು. "ಶ್ರಾವಣ ಮುಗೀಲಿ, ಆಮೇಲೆ ಒಯ್ರಿ" ಎಂದಳು ಲೀಲಾ. ನಾನು ಹೊರಗೆ ಜಗಲಿಯಲ್ಲಿದ್ದೆ, ಎಲ್ಲ ಕೇಳಿಸಿತು. ಒಳಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಕಾಲು ಸುಟ್ಟವನಿಗೆ ಮಾತಾಡುವ ಬಾಯಿ ಎಲ್ಲಿಯದು ಎಂದುಕೊಂಡು ಅಲ್ಲೇ ಕೂತೆ.

ಎರಡನೇ ಸುತ್ತು ಆಷಾಢದಲ್ಲಿ ಶುರುವಾಯಿತು. ಈ ಸಲ ಕೊಟ್ರೇಶಿಯ ಪ್ರತಿ ಮಾತನ್ನೂ ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಬಿಸಿನೀರು, ಹತ್ತು ನಿಮಿಷ. ಹಗೂರ ನಾಲ್ಕು ಎಳೆತ. ಸುತ್ತ ವ್ಯಾಸಲೀನ್. ಒಂದು ಹನಿ. ಪಟ್ಟಿ. ಮರುದಿನ ಮತ್ತೆ ಅದೇ. ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಏನೂ ಆಗುತ್ತಿಲ್ಲ ಅನ್ನಿಸುತ್ತಲೇ ಇರುತ್ತದೆ, ಆದರೂ ಮಾಡಬೇಕು. ಬಸ್ಸಿಳಿದು ಬಂದು, ಕೈಕಾಲು ತೊಳೆದು, ಮಣೆ ಎಳೆದುಕೊಂಡು ಕೂರುವಾಗ ಎಷ್ಟೋ ಸಲ ಇವತ್ತೊಂದು ದಿನ ಬಿಟ್ಟರೆ ಏನಾದೀತು ಅನ್ನಿಸಿದೆ. ಬಿಟ್ಟಿಲ್ಲ. ದಿನಾ ನೋವಾಯಿತೇ ಎಂದು ಕೇಳುತ್ತಿದ್ದೆ, ದಿನಾ ಇಲ್ರಿ ಎನ್ನುತ್ತಿದ್ದಳು, ಆ ಇಲ್ಲವನ್ನು ನಂಬಬೇಕೋ ಬೇಡವೋ ತಿಳಿಯದೆ ನಾನು ಆಕೆಯ ಹುಬ್ಬನ್ನೇ ನೋಡುತ್ತ ಉಜ್ಜುತ್ತಿದ್ದೆ. ನರಹುಲಿ ಸಣ್ಣದಾಗುತ್ತ ಬಂತು. ಕರಿ ಚುಕ್ಕಿಗಳು ಏಳರಿಂದ ಮೂರಕ್ಕೆ ಇಳಿದವು. ಶ್ರಾವಣ ಮುಗಿಯಲು ಹತ್ತು ದಿನ ಉಳಿದಿತ್ತು.

ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ನಗೆಪಾಟಲು ಮಾಡಿದ ಸಂಜೆಯೇ ಅದು ಆಯಿತು. ಅದೇ ಚೂರಿನಿಂದ ಉಜ್ಜುತ್ತಿದ್ದೆ. ಮನಸ್ಸು ಎಲ್ಲೋ ಇತ್ತು, ಕೈಗೆ ಒಂದಿಷ್ಟು ಭಾರ ಬಿದ್ದಿರಬೇಕು. ಲೀಲಾ ಕಾಲನ್ನು ಝಾಡಿಸಿ ಎಳೆದುಕೊಂಡಳು. ಹಿಮ್ಮಡಿ ನನ್ನ ಮೊಣಕೈಗೆ ಬಡಿಯಿತು. ಚೂರು ಹಾರಿ ಕುರ್ಚಿಯ ಕೆಳಗೆ ಬಿತ್ತು.

"ನೋಯ್ತೈತ್ರಿ" ಎಂದಳು. "ಸಾಕು."

ಎಂದಿನಂತೆ ಕಾಲು ತಾಗಿದ ನನ್ನ ಮೊಣಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ ಎಂದು ಕಾದೆ. ಒತ್ತಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ.

"ಎಲ್ಲಿ ನೋಯ್ತದೆ?" ಎಂದೆ.

"ಅಲ್ಲೇ, ಬದಿಗೆ." ಸೊಂಟಕ್ಕೆ ಕೈ ಇಟ್ಟು, "ಸೊಂಟಾನೂ ನೋಯ್ತದೆ, ದಿನಾ ಬಗ್ಗಿ ಬಗ್ಗಿ" ಎಂದಳು. "ನಾಳೆಯಿಂದ ನಮಸ್ಕಾರ ಮಾಡಂಗಿಲ್ಲ ನಾನು."

"ಮಾಡಬ್ಯಾಡ."

"ನೀವು ಮೊದಲನೇ ದಿನಾನೇ ಬ್ಯಾಡ ಅನ್ನಬೇಕಿತ್ತು. ಪೇಪರ್ ಹಿಡ್ಕೊಂಡು ಕೂತ್ರಿ." ಆಕೆಯ ದನಿ ಏರಲಿಲ್ಲ. ಹೊಲಿಗೆ ಸರಾಗವಾಗಿ ಓಡತೊಡಗಿದ ಮೇಲೆ ಬಟ್ಟೆಯ ತುದಿಯವರೆಗೂ ನಿಲ್ಲಿಸುವುದಿಲ್ಲವಲ್ಲ, ಹಾಗೆ ಮುಂದುವರಿಸಿದಳು. "ಅತ್ತಿ ಎಲ್ಲಾರ ಮುಂದ ನನಗ ಬಾಯಿಲ್ಲ ಅಂತಿದ್ರಲ್ಲ, ಅದೂ ನೋಯ್ತಿತ್ತು. ನೀವು ನಗ್ತಿದ್ರಿ. ಸೂಜಿ ಚುಚ್ಚಿದ ದಿನ ಮಷೀನಿಗೆ ರಕ್ತ ತಾಗೈತೆ, ತುಕ್ಕು ಹಿಡೀತದೆ ಅಂದ್ರಿ. ನನ್ನ ಬೆರಳು ನೋಡೋಕಿಂತ ಮೊದಲೇ ಅದನ್ನ ಅಂದ್ರಿ."

ಅಂದಿದ್ದೆ. ಈಗ ನೆನಪಾಯಿತು.

"ಮಷೀನು ಮಾರಿಬಿಡೋಣೇನು ಅಂತ ಕೇಳಿದೆ. ಕೇಳಿದ್ದು ನಾನು, ಹೇಳಿದ್ದಲ್ಲ. ನೀವು ಬ್ಯಾಡ ಅಂತೀರಿ ಅಂತ ಪಲ್ಯದ ಸೌಟು ಹಿಡ್ಕೊಂಡು ನಿಂತಿದ್ದೆ. ನಿನ್ನಿಷ್ಟ ಅಂದು ರೊಟ್ಟಿ ಮುರಿದ್ರಿ. ಆಯಮ್ಮ ನೋಡಾಕ ಬಂದಾಗ್ಲೂ ಒಳಗೆ ಬರ್ಲಿಲ್ಲ. ಕಾಲು ಸುಟ್ಟಿದ್ದು ಅಷ್ಟು ನೋಯ್ಲಿಲ್ರಿ ನನಗ."

ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು, ಯಂತ್ರದ ಸದ್ದಿನ ಮೇಲೆ ರೋಗ ಹೇಳುವ ನಾನು ಇದೊಂದನ್ನೂ ಕೇಳಿಸಿಕೊಂಡಿರಲಿಲ್ಲ. ಕುರ್ಚಿಯ ಕೆಳಗೆ ಬಿದ್ದಿದ್ದ ಚೂರನ್ನು ಹೆಕ್ಕಿ ಪಕ್ಕಕ್ಕಿಟ್ಟೆ.

"ಮಾರೋದು ಬ್ಯಾಡ, ಲೀಲಾ" ಎಂದೆ.

"ಈಗ ಹೇಳ್ತೀರಾ?"

"ಈಗ ಹೇಳ್ತೀನಿ. ನಾಳೆ ನಾನೇ ಆಯಮ್ಮನ ಮನೆಗೆ ಹೋಗಿ ಹೇಳಿ ಬರ್ತೀನಿ. ಈ ನರೂಲಿ ಹೋಗ್ಲಿ, ಬಿಡ್ಲಿ, ಮಷೀನು ಮಾತ್ರ ಇಲ್ಲೇ ಇರ್ತದೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬಲಗಾಲನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು, ಪೂರ್ತಿ ಭಾರ ಬಿಟ್ಟು. ಇಷ್ಟು ಸಣ್ಣ ಹೆಂಗಸಿನ ಒಂದು ಕಾಲು ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಹೇಳೋದು ಇನ್ನೂ ಐತಾ?" ಎಂದು ಕೇಳಿದೆ.

"ಬೇಕಾದಷ್ಟು ಐತೆ" ಎಂದಳು. "ನೀರು ತಣ್ಣಗಾದ್ವು. ಬಿಸಿ ಮಾಡ್ಕೊಂಡು ಬರ್ರಿ."